ಹಿರಿಯರಿಗೆ ಪೂರಕ ಆರೋಗ್ಯ ವಿಮೆ: ಆಯ್ಕೆಗೆ ಮುನ್ನ ಹಾಕಬೇಕಾದ ಲೆಕ್ಕ

ಗೋದಾಮಿನ ಸರಕಿಗೆ ಬೆಂಕಿ ವಿಮೆ, ಲಾರಿಗೆ ವಾಹನ ವಿಮೆ, ಯಂತ್ರಗಳಿಗೆ ಪ್ರತ್ಯೇಕ ವಿಮೆ, ಇವುಗಳನ್ನು ವರ್ಷ ತಪ್ಪದೆ ನವೀಕರಿಸುವ ನಮ್ಮ ವರ್ತಕ ಬಾಂಧವರು ತಮ್ಮ ಮತ್ತು ತಮ್ಮ ತಂದೆ-ತಾಯಿಗಳ ಆಸ್ಪತ್ರೆ ವೆಚ್ಚದ ವಿಷಯ ಬಂದಾಗ ಮಾತ್ರ 'ಆ ಹೊತ್ತಿಗೆ ನೋಡಿದರಾಯಿತು' ಎನ್ನುವುದುಂಟು. ಬೇರೆ ಕೆಲವರು ಅವಸರದಲ್ಲಿ ಒಂದರ ಮೇಲೊಂದು ಪಾಲಿಸಿ ಕೊಂಡು, ಬಿಲ್ಲು ಕೈಗೆ ಬಂದ ದಿನ ಯಾವುದೂ ಪೂರ್ತಿಯಾಗಿ ಒದಗದೆ ಕಂಗಾಲಾಗುತ್ತಾರೆ. ಗುಂಡಗುರ್ತಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ವ್ಯಾಪಾರಸ್ಥರು, ಕಲ್ಲಿನ ಪಾಲಿಶ್ ಘಟಕಗಳ ಮಾಲೀಕರು ಹಾಗೂ ಸಿಮೆಂಟ್ ಕಾರ್ಖಾನೆಗಳಿಂದ ನಿವೃತ್ತಿಯ ಅಂಚಿನಲ್ಲಿರುವ ನೌಕರರನ್ನು ಗಮನದಲ್ಲಿರಿಸಿಕೊಂಡು ಪೂರಕ ವಿಮೆಯ ಸ್ವರೂಪವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪೂರಕ ಎಂದರೆ ಯಾವುದಕ್ಕೆ ಪೂರಕ?

ಈ ಪದದ ಅರ್ಥ ಸ್ಪಷ್ಟವಾಗಲು ಅಮೆರಿಕದ ಉದಾಹರಣೆ ನೆರವಾಗುತ್ತದೆ. ಅಲ್ಲಿ 1965ರಲ್ಲಿ ಕಾಯಿದೆಯಾದ ಮೆಡಿಕೇರ್ ಯೋಜನೆ 65 ವರ್ಷ ದಾಟಿದವರಿಗೆ ಮೂಲ ರಕ್ಷಣೆ ನೀಡುತ್ತದೆ. ಆದರೆ ವೈದ್ಯರ ಶುಲ್ಕ ಹಾಗೂ ಹೊರರೋಗಿ ಚಿಕಿತ್ಸೆಯ ಭಾಗದಲ್ಲಿ ಸಾಮಾನ್ಯವಾಗಿ ಶೇ. 20ರಷ್ಟನ್ನು ರೋಗಿಯೇ ಕೊಡಬೇಕು. ಅದಕ್ಕೆ ಮೇಲ್ಮಿತಿಯೂ ಇಲ್ಲ. ಈ ಬಿರುಕನ್ನು ಮುಚ್ಚಲು ಖಾಸಗಿ ಕಂಪನಿಗಳು ಮಾರುವುದೇ 'ಮೆಡಿಗ್ಯಾಪ್' ಎಂಬ ಪೂರಕ ಪಾಲಿಸಿ. ಒಂದು ಕಾಲಕ್ಕೆ ಅವುಗಳ ಷರತ್ತುಗಳು ಕಂಪನಿಗೊಂದರಂತಿದ್ದು, ಮುದುಕರಿಗೆ ಒಂದೇ ರಕ್ಷಣೆಯನ್ನು ಎರಡೆರಡು ಬಾರಿ ಮಾರಲಾಗುತ್ತಿತ್ತು. 1990ರ ಕಾಯಿದೆಯ ಬಳಿಕ ಅವನ್ನು ಅಕ್ಷರಗಳ ಹೆಸರಿನ ಏಕರೂಪದ ಯೋಜನೆಗಳಾಗಿ ವಿಂಗಡಿಸಲಾಯಿತು. 'ಜಿ' ಎಂಬ ಯೋಜನೆಯನ್ನು ಯಾವ ಕಂಪನಿಯಿಂದ ಕೊಂಡರೂ ಮೂಲ ಸೌಲಭ್ಯ ಒಂದೇ. ನೋಡಬೇಕಾದದ್ದು ದರ ಮತ್ತು ಸೇವೆ ಮಾತ್ರ. 65 ತುಂಬಿ ಮೆಡಿಕೇರ್‌ನ 'ಬಿ' ಭಾಗಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿ ಕಾಯಿಲೆಯ ನೆಪವೊಡ್ಡಿ ಪಾಲಿಸಿ ನಿರಾಕರಿಸುವಂತಿಲ್ಲ. (ಮಕ್ಕಳ ಬಳಿ ನೆಲೆಸಲು ಗ್ರೀನ್ ಕಾರ್ಡ್ ಪಡೆದು ಹೋಗುವ ನಮ್ಮ ಭಾಗದ ಹಿರಿಯರು ಒಂದು ಸಂಗತಿ ಅರಿತಿರಬೇಕು: ಅಲ್ಲಿ ದುಡಿದ ದಾಖಲೆಯಿಲ್ಲದವರು ಐದು ವರ್ಷಗಳ ನಿರಂತರ ವಾಸದ ನಂತರವೇ ಹಣ ತೆತ್ತು ಮೆಡಿಕೇರ್‌ಗೆ ಸೇರಬಹುದು. ಅಲ್ಲಿಯವರೆಗೆ ಬೇರೆ ವಿಮೆಯ ವ್ಯವಸ್ಥೆ ಬೇಕು.)

ನಮ್ಮಲ್ಲಿ ಎಲ್ಲ ಹಿರಿಯರಿಗೂ ಏಕರೂಪದ ಮೂಲ ರಕ್ಷಣೆಯೂ ಇಲ್ಲ, ಏಕರೂಪದ ಪೂರಕ ಪಾಲಿಸಿಯೂ ಇಲ್ಲ. ಆದ್ದರಿಂದ ಕೈಯಲ್ಲಿರುವ ಮೂಲ ರಕ್ಷಣೆ ಯಾವುದು, ಅದರ ಕೊರತೆ ಎಲ್ಲಿದೆ ಎಂಬುದನ್ನು ನಾವೇ ಗುರುತಿಸಿಕೊಳ್ಳಬೇಕು.

ಕೈಯಲ್ಲಿರುವುದರ ತಪಶೀಲು

ಮೊದಲು ಇ.ಎಸ್.ಐ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ, ಕಾಯಿದೆಗೆ ಒಳಪಟ್ಟ ಘಟಕಗಳಲ್ಲಿ ಮಾಸಿಕ ವೇತನ 21,000 ರೂ. ಮೀರದವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈಯಿಂದ ನೌಕರನ ವಂತಿಗೆ ಶೇ. 0.75, ಮಾಲೀಕನದು ಶೇ. 3.25. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇ.ಎಸ್.ಐ. ನಿಗಮದ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇರುವುದು ನಮ್ಮ ಭಾಗದ ಅನುಕೂಲ. ಬಹುಮಂದಿಗೆ ತಿಳಿಯದ ಸಂಗತಿಯೆಂದರೆ, ಕನಿಷ್ಠ ಐದು ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದ ನೌಕರ ವರ್ಷಕ್ಕೆ ಕೇವಲ 120 ರೂ. ಕಟ್ಟಿ ತನಗೂ ತನ್ನ ಪತ್ನಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಪಾಲಿಶ್ ಘಟಕದಿಂದಲೋ ದಾಲ್ ಮಿಲ್ಲಿನಿಂದಲೋ ನಿವೃತ್ತನಾಗುವ ಕೆಲಸಗಾರನಿಗೆ ಶಾಲು ಹೊದಿಸಿ ಕಳುಹಿಸುವ ದಿನವೇ ಈ ಅರ್ಜಿಯನ್ನೂ ತುಂಬಿಸಿ ಕೊಟ್ಟರೆ ಮಾಲೀಕರಿಗೆ ಆಗುವ ಖರ್ಚು ಏನೂ ಇಲ್ಲ.

ಎರಡನೆಯದು ಸರ್ಕಾರಿ ಕಾರ್ಡು. ಬಿ.ಪಿ.ಎಲ್. ಕುಟುಂಬಗಳಿಗೆ 2010ರಲ್ಲಿ ನಮ್ಮ ವಿಭಾಗದಿಂದಲೇ ಆರಂಭಗೊಂಡ ವಾಜಪೇಯಿ ಆರೋಗ್ಯಶ್ರೀ ಯೋಜನೆ ಹಲವರಿಗೆ ನೆನಪಿರಬಹುದು. 2018ರಲ್ಲಿ ಅಂಥ ಯೋಜನೆಗಳನ್ನು ಕೂಡಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ರೂಪುಗೊಂಡಿತು. ಇದರಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ಪ್ಯಾಕೇಜು ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ನಮ್ಮ ಅಂಗಡಿಕಾರರಲ್ಲಿ ಹೆಚ್ಚಿನವರು ಈ ಎರಡನೆಯ ವರ್ಗಕ್ಕೆ ಸೇರಿದವರಾಗಿದ್ದೂ '5 ಲಕ್ಷದ ಕಾರ್ಡಿದೆ' ಎಂದು ನೆಮ್ಮದಿಯಿಂದಿರುತ್ತಾರೆ. ತುರ್ತು ಸಂದರ್ಭ ಹೊರತುಪಡಿಸಿದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರದೊಂದಿಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂಬ ನಿಯಮವೂ ಉಂಟು. ಹೃದ್ರೋಗಕ್ಕೆ ಸಂಬಂಧಿಸಿದಂತೆ ಇದು ಮೊದಲಿನಷ್ಟು ಕಷ್ಟವಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಗೊಂಡಿದೆ.

70 ವರ್ಷ ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂ. ರಕ್ಷಣೆ ನೀಡುವ 'ಆಯುಷ್ಮಾನ್ ವಯ ವಂದನಾ' ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಪ್ರಕಟಿಸಿತು. ಖಾಸಗಿ ವಿಮೆ ಅಥವಾ ಇ.ಎಸ್.ಐ. ಇದ್ದವರೂ ಅರ್ಹರು. ಆದರೆ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಲೆಕ್ಕದಲ್ಲಿ 5 ಲಕ್ಷ ಜಮಾ ಬರೆದುಕೊಳ್ಳಬಾರದು. ನೀವು ಹೋಗಲಿರುವ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರ ಬಳಿ ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಿ.

ಸಹಕಾರ ಸಂಘದ ಸದಸ್ಯರಾಗಿರುವ ರೈತ-ವರ್ತಕರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಂಡಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ನೋಂದಣಿಗೆ ಗಡುವು ಇರುವುದರಿಂದ ಸಂಘದ ಕಾರ್ಯದರ್ಶಿಯವರನ್ನು ಮುಂಚಿತವಾಗಿ ಕೇಳಿಡುವುದು ಲೇಸು.

ಕೊನೆಯದಾಗಿ ಕಾರ್ಖಾನೆಯ ಗುಂಪು ವಿಮೆ. ವಾಡಿ, ಸೇಡಂ, ಮಳಖೇಡ ಭಾಗದ ಸಿಮೆಂಟ್ ನೌಕರರ ಪೈಕಿ ಇ.ಎಸ್.ಐ. ಮಿತಿಗಿಂತ ಹೆಚ್ಚು ವೇತನದವರು ಮುಖ್ಯವಾಗಿ ಆತುಕೊಳ್ಳುವುದು ಇದನ್ನೇ. ಗುಂಪು ವಿಮೆ ಸಾಮಾನ್ಯವಾಗಿ ನೌಕರಿಯೊಂದಿಗೇ ಮುಗಿಯುತ್ತದೆ. ಕಾಯಿಲೆಗಳು ಒಂದೊಂದಾಗಿ ತಲೆದೋರುವ ವಯಸ್ಸಿಗೆ ಸರಿಯಾಗಿ ರಕ್ಷಣೆ ಕಳಚುತ್ತದೆ. ಗುಂಪು ಪಾಲಿಸಿಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಹೊಂದಲು, ಅಷ್ಟರವರೆಗೆ ಕಳೆದ ಕಾಯುವ ಅವಧಿಯ ಲಾಭ ಉಳಿಸಿಕೊಳ್ಳಲು ವಿಮಾ ನಿಯಂತ್ರಣ ಪ್ರಾಧಿಕಾರ ಅವಕಾಶ ನೀಡಿದೆ. ಅರ್ಜಿಯನ್ನು ನಿವೃತ್ತಿಗೆ ಮೊದಲೇ ಸಲ್ಲಿಸುವುದು ಲೇಸು.

ಒಳಗಿನ ತೂತು, ಮೇಲಿನ ಕೊರತೆ

ಮೂಲ ವಿಮೆಯ ಕೊರತೆಗಳು ಎರಡು ಬಗೆ. ವಿಮಾ ಮೊತ್ತ ಮುಗಿದ ಮೇಲೂ ಬಿಲ್ಲು ಬೆಳೆಯುವುದು ಒಂದು. ಇದು ಮೇಲಿನ ಕೊರತೆ. ಮೊತ್ತ ಮುಗಿಯುವ ಮೊದಲೇ ಕೊಠಡಿ ಬಾಡಿಗೆಯ ಮಿತಿ, ಸಹಪಾವತಿ ಮುಂತಾದ ಷರತ್ತುಗಳಿಂದ ಹಣ ಸೋರುವುದು ಇನ್ನೊಂದು. ಇದು ಒಳಗಿನ ತೂತು. ಅಮೆರಿಕದ ಮೆಡಿಗ್ಯಾಪ್ ಮುಚ್ಚುವುದು ಒಳಗಿನ ತೂತನ್ನು. ನಮ್ಮಲ್ಲಿ ಟಾಪ್-ಅಪ್, ಸೂಪರ್ ಟಾಪ್-ಅಪ್ ಎಂಬ ಹೆಸರಿನಲ್ಲಿ ದೊರೆಯುವ ಪಾಲಿಸಿಗಳು ಮುಚ್ಚುವುದು ಮೇಲಿನ ಕೊರತೆಯನ್ನು. ಈ ಭೇದ ತಿಳಿಯದೆ ಕೊಂಡವರೇ ಹೆಚ್ಚಾಗಿ ನಿರಾಶರಾಗುವುದು.

ಒಳಗಿನ ತೂತಿಗೆ ಒಂದು ಲೆಕ್ಕ ನೋಡೋಣ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ 'ಆರೋಗ್ಯ ಸಂಜೀವನಿ' ಎಂಬ ಪ್ರಮಾಣೀಕೃತ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ. 2, ಗರಿಷ್ಠ 5,000 ರೂ. ಎಂಬ ಮಿತಿಯಿದೆ. ಪ್ರತಿ ಕ್ಲೇಮಿನಲ್ಲಿ ಶೇ. 5ರ ಸಹಪಾವತಿಯೂ ಉಂಟು. ಗುಂಡಗುರ್ತಿಯ ಒಬ್ಬ ಕಿರಾಣಿ ವರ್ತಕರು 3 ಲಕ್ಷದ ಈ ಪಾಲಿಸಿ ಹೊಂದಿದ್ದಾರೆಂದು ಭಾವಿಸಿ. ನೆಂಟರಿಷ್ಟರು ಬಂದು ಹೋಗುತ್ತಾರೆಂದು ದಿನಕ್ಕೆ 10,000 ರೂ. ಕೊಠಡಿಯಲ್ಲಿ ಐದು ದಿನ ಇದ್ದರು. ಬಾಡಿಗೆ 50,000, ಶಸ್ತ್ರಚಿಕಿತ್ಸೆ, ವೈದ್ಯರ ಭೇಟಿ ಇತ್ಯಾದಿ 1,50,000, ಔಷಧಿ, ತಪಾಸಣೆ 60,000, ಒಟ್ಟು 2,60,000 ರೂ. ಮೊತ್ತ 3 ಲಕ್ಷದೊಳಗೇ ಇದೆ, ಪೂರ್ತಿ ಬರುತ್ತದೆಂದು ಅವರು ತಿಳಿದರು. ಆದರೆ ಕೊಠಡಿ ಮಿತಿಗಿಂತ ಇಮ್ಮಡಿಯಾದ್ದರಿಂದ ಬಾಡಿಗೆಯಷ್ಟೇ ಅಲ್ಲ, ಅದಕ್ಕೆ ಹೊಂದಿಕೊಂಡ ಚಿಕಿತ್ಸಾ ಶುಲ್ಕಗಳೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯುತ್ತವೆ. ಔಷಧಿ, ತಪಾಸಣೆಗಳಿಗೆ ಈ ಕಡಿತ ಇಲ್ಲ. ಅಂದರೆ 25,000 + 75,000 + 60,000 = 1,60,000. ಶೇ. 5 ಸಹಪಾವತಿ 8,000 ಕಳೆದು ಕೈಗೆ ಬರುವುದು 1,52,000. ಜೇಬಿನಿಂದ ಹೋದದ್ದು 1,08,000 ರೂ. ಅದೇ ಶುಲ್ಕಗಳ ಚಿಕಿತ್ಸೆಯನ್ನು 5,000 ರೂ. ಕೊಠಡಿಯಲ್ಲಿ ಪಡೆದಿದ್ದರೆ ಜೇಬಿನಿಂದ ಹೋಗುತ್ತಿದ್ದುದು 11,750 ಮಾತ್ರ.

ಇಂಥವರ ಬಳಿ 3 ಲಕ್ಷದ ಮೇಲಿನ ಸೂಪರ್ ಟಾಪ್-ಅಪ್ ಇದ್ದರೂ ಈ 1,08,000 ಬರುವುದಿಲ್ಲ. ಬಿಲ್ಲು ಹೊಸ್ತಿಲನ್ನೇ ದಾಟಿಲ್ಲವಲ್ಲ! ಆದ್ದರಿಂದ ಒಳಗಿನ ತೂತಿಗೆ ಮದ್ದು ಪೂರಕ ಪಾಲಿಸಿ ಅಲ್ಲ. ಕೊಠಡಿ ಮಿತಿಯಿಲ್ಲದ ಮೂಲ ಪಾಲಿಸಿಯನ್ನು ಆಯ್ದುಕೊಳ್ಳಬೇಕು, ಇಲ್ಲವೇ ಮಿತಿಯೊಳಗಿನ ಕೊಠಡಿಯಲ್ಲಿ ಇರಬೇಕು. ನೆಂಟರ ಮುಂದಿನ ಘನತೆಗೆ ಐದು ದಿನಗಳಲ್ಲಿ ತೊಂಬತ್ತಾರು ಸಾವಿರ ಹೆಚ್ಚು ತೆರುವುದು ವ್ಯಾಪಾರದ ಬುದ್ಧಿ ಎನಿಸದು.

ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್

ಈಗ ಮೇಲಿನ ಕೊರತೆಗೆ ಬರೋಣ. ಈ ಎರಡೂ ಬಗೆಯ ಪಾಲಿಸಿಗಳಲ್ಲಿ 'ಡಿಡಕ್ಟಿಬಲ್' ಎಂಬ ಹೊಸ್ತಿಲು ಮೊತ್ತವಿರುತ್ತದೆ. ಅಲ್ಲಿಯವರೆಗಿನ ವೆಚ್ಚ ನಿಮ್ಮದು ಅಥವಾ ನಿಮ್ಮ ಮೂಲ ವಿಮೆಯದು; ಮೇಲಿನದು ಮಾತ್ರ ಈ ಪಾಲಿಸಿಯದು. ಕಂಪನಿಗೆ ಸಣ್ಣ ಬಿಲ್ಲುಗಳ ಹೊರೆ ಇಲ್ಲದಿರುವುದರಿಂದ ಅಷ್ಟೇ ಮೊತ್ತದ ಮೂಲ ಪಾಲಿಸಿಗಿಂತ ಕಂತು ಸಾಕಷ್ಟು ಕಡಿಮೆ.

ವ್ಯತ್ಯಾಸ ಹೀಗಿದೆ. ಟಾಪ್-ಅಪ್ ಪ್ರತಿಯೊಂದು ದಾಖಲಾತಿಯ ಬಿಲ್ಲನ್ನೂ ಪ್ರತ್ಯೇಕವಾಗಿ ಹೊಸ್ತಿಲಿನೊಂದಿಗೆ ಹೋಲಿಸುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಎಲ್ಲ ಬಿಲ್ಲುಗಳನ್ನು ಕೂಡಿಸಿ ನೋಡುತ್ತದೆ. 3 ಲಕ್ಷದ ಮೂಲ ವಿಮೆ, 3 ಲಕ್ಷದ ಹೊಸ್ತಿಲು ಎಂದಿಟ್ಟುಕೊಳ್ಳಿ. ಆಗಸ್ಟಿನಲ್ಲಿ 2.5 ಲಕ್ಷ, ನವೆಂಬರಿನಲ್ಲಿ 2.8 ಲಕ್ಷ ವೆಚ್ಚವಾಯಿತು, ಒಟ್ಟು 5.3 ಲಕ್ಷ. ಮೂಲ ವಿಮೆ 3 ಲಕ್ಷ ಕೊಟ್ಟು ಕೈತೊಳೆದುಕೊಂಡಿತು. ಉಳಿದ 2.3 ಲಕ್ಷಕ್ಕೆ ಟಾಪ್-ಅಪ್‌ನಿಂದ ಒಂದು ಪೈಸೆಯೂ ಇಲ್ಲ, ಏಕೆಂದರೆ ಯಾವ ಒಂದು ಬಿಲ್ಲೂ 3 ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ಆಗಿದ್ದರೆ ಷರತ್ತುಗಳಿಗೊಳಪಟ್ಟು 2.3 ಲಕ್ಷವೂ ಬರುತ್ತಿತ್ತು. ಮುಪ್ಪಿನ ಕಾಯಿಲೆಗಳು ಒಂದೇ ಬಾರಿಗೆ ಮುಗಿಯುವಂಥವಲ್ಲ. ವರ್ಷದಲ್ಲಿ ಎರಡು ಮೂರು ಬಾರಿ ಆಸ್ಪತ್ರೆಗೆ ಎಳೆದೊಯ್ಯುತ್ತವೆ. ಆದಕಾರಣ ಹಿರಿಯರಿಗೆ ಬರಿಯ ಟಾಪ್-ಅಪ್ ಕೊಳ್ಳುವುದು, ಎಷ್ಟೇ ಅಗ್ಗವಾಗಿದ್ದರೂ, ಈ ಲೇಖಕನ ಅಭಿಪ್ರಾಯದಲ್ಲಿ ಸಲ್ಲದು.

ಇಲ್ಲಿ ಏಜೆಂಟರು ಅಪರೂಪಕ್ಕೆ ಹೇಳುವ ಒಂದು ಸೂಕ್ಷ್ಮವಿದೆ. ಮೂಲ ಪಾಲಿಸಿಯ ವರ್ಷ ಏಪ್ರಿಲ್ 1ಕ್ಕೂ, ಸೂಪರ್ ಟಾಪ್-ಅಪ್‌ನ ವರ್ಷ ಅಕ್ಟೋಬರ್ 1ಕ್ಕೂ ಆರಂಭವಾಗುತ್ತಿದ್ದರೆ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಮೂಲ ವಿಮೆಗೆ ಆಗಸ್ಟ್, ನವೆಂಬರ್ ಎರಡೂ ಒಂದೇ ವರ್ಷ. ಸೂಪರ್ ಟಾಪ್-ಅಪ್‌ಗೆ ಅವು ಬೇರೆ ಬೇರೆ ವರ್ಷಗಳು, ನವೆಂಬರಿನ 2.8 ಲಕ್ಷ ಮಾತ್ರ ಹೊಸ ವರ್ಷದ ಲೆಕ್ಕಕ್ಕೆ ಬಂದು ಹೊಸ್ತಿಲಿನ ಕೆಳಗೇ ಉಳಿಯುತ್ತದೆ. ನಮ್ಮ ಖಾತೆ-ಕೀರ್ದಿಗಳನ್ನು ಒಂದೇ ದಿನ ಆರಂಭಿಸುವಂತೆ ಎರಡೂ ಪಾಲಿಸಿಗಳ ದಿನಾಂಕವನ್ನು ಒಂದೇ ಮಾಡಿಕೊಳ್ಳಬೇಕು. ಹೊಸ್ತಿಲಿಗೆ ಗಣನೆಯಾಗುವುದು ಬಿಲ್ಲಿನ ಪೂರ್ತಿ ಮೊತ್ತವಲ್ಲ, ಆ ಪಾಲಿಸಿಯ ಷರತ್ತಿನಂತೆ ಒಪ್ಪತಕ್ಕ ವೆಚ್ಚ ಮಾತ್ರ ಎಂಬುದನ್ನೂ ಗಮನಿಸತಕ್ಕದ್ದು.

ಹೊಸ್ತಿಲು ಎಷ್ಟಿರಬೇಕು?

ಮೂಲ ಪಾಲಿಸಿ ಇದ್ದವರಿಗೆ ಉತ್ತರ ಸರಳ: ಅದರ ಮೊತ್ತದಷ್ಟು. ಕಾರ್ಡು ಮಾತ್ರ ಇದ್ದವರಿಗೆ ಅಷ್ಟು ಸರಳವಲ್ಲ. ಸರ್ಕಾರಿ ಕಾರ್ಡಿನ ಚಿಕಿತ್ಸೆ ನಿಗದಿತ ಪ್ಯಾಕೇಜಿನಲ್ಲಿ ನಡೆಯುತ್ತದೆ, ಬಿ.ಪಿ.ಎಲ್. ರೋಗಿಯಿಂದ ಆಸ್ಪತ್ರೆ ಹೆಚ್ಚಿಗೆ ಪಡೆಯುವಂತಿಲ್ಲ. ಹೀಗಾಗಿ ಅದೇ ಬಿಲ್ಲಿನ ಮೇಲೆ ಖಾಸಗಿ ಪಾಲಿಸಿಯನ್ನು ಪೇರಿಸುವ ಪ್ರಸಂಗವೇ ಸಾಮಾನ್ಯವಾಗಿ ಒದಗದು. ಕಾರ್ಡು ಒಂದು ದಾರಿ, ಖಾಸಗಿ ವಿಮೆ ಇನ್ನೊಂದು ದಾರಿ. ಇ.ಎಸ್.ಐ. ಕೂಡ ಹಾಗೆಯೇ. ಕಾರ್ಡು ನಡೆಯದ ಆಸ್ಪತ್ರೆಗೆ ಹೋಗಬೇಕಾಗಿ ಬಂದ ದಿನ ಹೊಸ್ತಿಲಿನವರೆಗಿನ ಹಣ ಎಲ್ಲಿಂದ ಬರುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಮೂಲ ಪಾಲಿಸಿ ಇಲ್ಲದೆಯೂ ಸೂಪರ್ ಟಾಪ್-ಅಪ್ ಕೊಳ್ಳಲು ಅಡ್ಡಿಯಿಲ್ಲ. 62 ವರ್ಷದ ವರ್ತಕರಿಗೆ ಮೂಲ ಪಾಲಿಸಿಯ ಕಂತು ಭಾರವೆನಿಸಿದರೆ, 3 ಲಕ್ಷ ರೂ.ಗಳನ್ನು ಬ್ಯಾಂಕಿನಲ್ಲಿ ಪತ್ನಿಯೊಂದಿಗೆ ಜಂಟಿ ಠೇವಣಿಯಾಗಿಟ್ಟು, 3 ಲಕ್ಷದ ಹೊಸ್ತಿಲಿನ ಸೂಪರ್ ಟಾಪ್-ಅಪ್ ತೆಗೆದುಕೊಳ್ಳುವುದು ಒಂದು ಯೋಗ್ಯ ಮಾರ್ಗ. ಆದರೆ ಈ ಠೇವಣಿ ವ್ಯಾಪಾರದ ಬಂಡವಾಳವಾಗಬಾರದು. ತೊಗರಿ ಸುಗ್ಗಿಯಲ್ಲಿ ಹಣ ಬೇಕಾದಾಗ ಮೊದಲು ಮುರಿಯುವುದೇ ಇಂಥ ಠೇವಣಿ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ.

ಐವತ್ತರ ಆಸುಪಾಸಿನ ಕಾರ್ಖಾನೆ ನೌಕರರು ಗುಂಪು ವಿಮೆ ಇರುವಾಗಲೇ, ಅದರ ಮೊತ್ತವನ್ನೇ ಹೊಸ್ತಿಲಾಗಿ ಇಟ್ಟುಕೊಂಡು ಸೂಪರ್ ಟಾಪ್-ಅಪ್ ಆರಂಭಿಸುವುದು ಜಾಣತನ. ಕಾಯುವ ಅವಧಿ ನೌಕರಿಯಲ್ಲಿರುವಾಗಲೇ ಕಳೆದುಹೋಗುತ್ತದೆ. ಕೆಲವು ಪಾಲಿಸಿಗಳಲ್ಲಿ ನಿವೃತ್ತಿಯ ಹೊತ್ತಿಗೆ ಹೊಸ್ತಿಲನ್ನು ತೆಗೆಸಿ ಪೂರ್ಣ ಪಾಲಿಸಿಯಾಗಿ ಪರಿವರ್ತಿಸಿಕೊಳ್ಳುವ ಸೌಲಭ್ಯವೂ ಇದೆ. ಕೊಳ್ಳುವ ಮೊದಲೇ ವಿಚಾರಿಸಿ.

ಗಂಡ-ಹೆಂಡಿರಿಬ್ಬರಿಗೆ ಒಂದೇ ಫ್ಲೋಟರ್ ಪಾಲಿಸಿ ಸಾಕೆ? ಸಾಕು. ಮಕ್ಕಳು, ಸೊಸೆ, ಮೊಮ್ಮಕ್ಕಳನ್ನೂ ಅದರಲ್ಲೇ ಸೇರಿಸುವುದು ಬೇಡ. ಫ್ಲೋಟರಿನ ಕಂತು ಸಾಮಾನ್ಯವಾಗಿ ಹಿರಿಯ ಸದಸ್ಯನ ವಯಸ್ಸಿನ ಮೇಲೆ ನಿಲ್ಲುತ್ತದೆ.

ಪ್ರಸ್ತಾವನಾ ಪತ್ರ ಮತ್ತು ಕಲ್ಲಿನ ಧೂಳು

ವಿಮಾ ಪ್ರಾಧಿಕಾರದ 2024ರ ನಿಯಮಗಳು ಹಿರಿಯರಿಗೆ ಕೆಲವು ಅನುಕೂಲ ಮಾಡಿಕೊಟ್ಟಿವೆ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 48 ತಿಂಗಳಿಂದ 36 ತಿಂಗಳಿಗಿಳಿದಿದೆ. ಎಲ್ಲ ವಯಸ್ಸಿನವರಿಗೂ ಪಾಲಿಸಿಗಳು ಲಭ್ಯವಿರಬೇಕೆಂದು ಹೇಳಲಾಗಿದೆ. 60 ತಿಂಗಳು ಸತತವಾಗಿ ನಡೆದ ಪಾಲಿಸಿಯನ್ನು, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕಾಗಿ ಪ್ರಶ್ನಿಸುವಂತಿಲ್ಲ. ಆದರೂ ಅಮೆರಿಕದ ಆ ಆರು ತಿಂಗಳ ಅಭಯ ನಮ್ಮಲ್ಲಿಲ್ಲ. ತಪಾಸಣೆಯ ಬಳಿಕ ಕಂಪನಿ ಹೆಚ್ಚು ಕಂತು ಕೇಳಬಹುದು ಅಥವಾ ನಿರಾಕರಿಸಲೂಬಹುದು.

ಹೀಗಾಗಿಯೇ ಪ್ರಸ್ತಾವನಾ ಪತ್ರದಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗಳನ್ನು 'ಇಲ್ಲ' ಎಂದು ಬರೆಯಿಸುವ ಚಾಳಿ ಬೆಳೆದಿದೆ. ಪತ್ರವನ್ನು ಏಜೆಂಟರು ತುಂಬುತ್ತಾರೆ, ಅಪ್ಪನವರು ಓದದೆ ರುಜು ಹಾಕುತ್ತಾರೆ, ನಾಲ್ಕು ವರ್ಷದ ನಂತರ ಆಸ್ಪತ್ರೆಯ ಹಳೆಯ ಚೀಟಿಯೊಂದು ಕ್ಲೇಮನ್ನು ಮುಳುಗಿಸುತ್ತದೆ. ಶಹಾಬಾದ, ಚಿತ್ತಾಪುರ ಭಾಗದ ಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳಲ್ಲಿ ವರ್ಷಾನುಗಟ್ಟಲೆ ದುಡಿದವರು, ಯಂತ್ರದ ಪಕ್ಕದಲ್ಲೇ ಕುಳಿತು ವ್ಯವಹಾರ ನಡೆಸಿದ ಮಾಲೀಕರೂ ಸೇರಿ, ಉಸಿರಾಟದ ತೊಂದರೆಗಾಗಿ ವೈದ್ಯರನ್ನು ಕಂಡಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಬೇಕು. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳು ಇ.ಎಸ್.ಐ. ಕಾಯಿದೆಯಲ್ಲಿ ಔದ್ಯೋಗಿಕ ಕಾಯಿಲೆಗಳೆಂದು ಪಟ್ಟಿಯಾಗಿರುವುದರಿಂದ ಕೆಲಸಗಾರರಿಗೆ ಆ ದಾರಿ ಬೇರೆಯೇ ಇದೆ, ಮಾಲೀಕರಿಗೆ ಅದಿಲ್ಲ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ತುಂಬಿದ ಪ್ರಸ್ತಾವನಾ ಪತ್ರದ ಪ್ರತಿ ಪಾಲಿಸಿಯೊಂದಿಗೆ ಬಂದಿದೆಯೇ, ಅದರಲ್ಲಿ ನೀವು ಹೇಳಿದ್ದೇ ಇದೆಯೇ ಎಂದು ಆ ಅವಧಿಯಲ್ಲೇ ನೋಡಿಕೊಳ್ಳಿ.

ಕಂತು, ತೆರಿಗೆ, ಊರು

ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಸಿಬ್ಬಂದಿಗಾಗಿ ಮಾಲೀಕರು ಮಾಡಿಸುವ ಗುಂಪು ಪಾಲಿಸಿಗೆ ಈ ವಿನಾಯಿತಿ ಅನ್ವಯಿಸಿಲ್ಲ. 60 ದಾಟಿದವರ ಕಂತನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು 2025ರ ಜನವರಿ 30ರಂದು ಆದೇಶವಾಗಿದೆ. ಶೇ. 10ರ ಏರಿಕೆಯೇ ಸತತವಾದರೆ ಏಳೆಂಟು ವರ್ಷದಲ್ಲಿ ಕಂತು ಇಮ್ಮಡಿಯಾಗುತ್ತದೆ. ಇಂದಿನ ಕಂತನ್ನಲ್ಲ, ಎಪ್ಪತ್ತನೆಯ ವಯಸ್ಸಿನ ಕಂತನ್ನು ದರಪಟ್ಟಿಯಲ್ಲಿ ನೋಡಿ ನಿರ್ಧರಿಸಿ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಹಿರಿಯ ತಂದೆ-ತಾಯಿಗಳ ವಿಮಾ ಕಂತಿನ ಮೇಲೆ 50,000 ರೂ.ವರೆಗೆ ಕಡಿತ ಸಿಗುತ್ತದೆ, ಆದರೆ ಕಂತನ್ನು ನಗದಾಗಿ ಕಟ್ಟಿರಬಾರದು.

ಊರಿನ ಪ್ರಶ್ನೆಯೂ ಮುಖ್ಯ. ಸೇಡಂ, ಚಿಂಚೋಳಿಯವರಿಗೆ ದೊಡ್ಡ ಕಾಯಿಲೆ ಎಂದರೆ ಹೈದರಾಬಾದ್. ವಾಡಿ, ಶಹಾಬಾದದವರಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗುವವರೂ ಉಂಟು. ಕೆಲವು ಪಾಲಿಸಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನ ದರದಲ್ಲಿ ಕಂತು ಕಟ್ಟಿದವರು ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಶೇಕಡಾವಾರು ಸಹಪಾವತಿ ವಿಧಿಸುತ್ತವೆ. ನಮ್ಮ ಭಾಗದವರು ಇಂಥ ಷರತ್ತಿನ ಪಾಲಿಸಿಯಿಂದ ದೂರವಿರುವುದೇ ಒಳಿತು.

ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕೆಂಬುದು 2024ರ ಮೇ ತಿಂಗಳ ಸುತ್ತೋಲೆ. ಎರಡು ಪಾಲಿಸಿಗಳಿದ್ದಾಗ ಮೊದಲು ಯಾವುದಕ್ಕೆ ಕ್ಲೇಮು ಎಂಬ ಆಯ್ಕೆ ನಿಮ್ಮದು. ಉಳಿದ ಮೊತ್ತಕ್ಕಾಗಿ ಇನ್ನೊಂದು ಕಂಪನಿಯೊಡನೆ ಹೊಂದಾಣಿಕೆ ಮಾಡಿಕೊಳ್ಳುವುದು ಮೊದಲನೆಯ ಕಂಪನಿಯ ಹೊಣೆ. ವಾಸ್ತವದಲ್ಲಿ ಮೂಲ ಬಿಲ್ಲುಗಳ ನಕಲು, ಮೊದಲ ಕಂಪನಿಯ ಪಾವತಿ ಪತ್ರ ಇವೆರಡನ್ನೂ ನೀವೇ ಜೋಪಾನ ಮಾಡಿದ್ದರೆ ಕೆಲಸ ಬೇಗ ಆಗುತ್ತದೆ.

ಕ್ಲೇಮು ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಪ್ರಾಧಿಕಾರದ 155255 ದೂರವಾಣಿಯಲ್ಲಿಯೂ ದೂರು ದಾಖಲಿಸಬಹುದು.